ಕಾರ್ಡ್ ಹಿಂದಿನ ನಂಬರಿನಿಂದಲೇ ಕರೆ ಬಂತು, ಆದರೂ ಮೋಸ ಹೋದೆ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಫೋನಿನಲ್ಲಿ ಕಾಣುವ ಹೆಸರನ್ನು ನಂಬಬೇಡಿ. ನಂಬರನ್ನೂ ನಂಬಬೇಡಿ. ಹೌದು, ನಂಬರನ್ನೂ!

ನನಗೆ ಬಂದದ್ದು ಯಾವುದೋ ಗೊತ್ತಿಲ್ಲದ ನಂಬರಲ್ಲ. ಬ್ಯಾಂಕಿನ ಸಹಾಯವಾಣಿ ಅಂತ ನಾನೇ ಸೇವ್ ಮಾಡಿಟ್ಟ ಹೆಸರು ಬಂತು. ಕರೆ ಗುರುತಿಸುವ ಆ್ಯಪ್ ಕೂಡ ನಂಬಬಹುದು ಅಂತ ಹಸಿರು ತೋರಿಸಿತು. ನಿಮ್ಮ ಕಾರ್ಡಿನಲ್ಲಿ ಬೇರೆ ಯಾರೋ ಖರೀದಿ ಮಾಡುತ್ತಿದ್ದಾರೆ, ತಕ್ಷಣ ತಡೆಯಬೇಕು ಅಂದ ಕರೆ ಮಾಡಿದವನು. ನನಗೆ ಅನುಮಾನ ಬರಲಿಲ್ಲ ಅಂತಲ್ಲ. ಬಂತು, ಕೇಳಿಯೂ ಕೇಳಿದೆ. ಅವನು ಎಷ್ಟು ತಣ್ಣಗೆ ಹೇಳಿದ ಗೊತ್ತಾ? "ಕಾರ್ಡ್ ತಿರುಗಿಸಿ ನೋಡಿ ಸರ್. ಅಲ್ಲಿರೋ ನಂಬರೂ ಈ ನಂಬರೂ ಒಂದೇ ತಾನೇ?"

ತಿರುಗಿಸಿದೆ. ಒಂದೊಂದೇ ಅಂಕಿ ಹೋಲಿಸಿದೆ. ಒಂದೇ. ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು. ಒಟಿಪಿ ಓದಿ ಹೇಳಿಬಿಟ್ಟೆ. ನಾನೇ, ನನ್ನ ಬಾಯಿಂದಲೇ.

ಖಾತೆ ಖಾಲಿಯಾದ ಮೇಲೆ ಅದೇ ನಂಬರಿಗೆ ವಾಪಸ್ ಫೋನ್ ಮಾಡಿದರೆ ನಿಜವಾದ ಬ್ಯಾಂಕಿನವರು ಎತ್ತಿದರು! "ಸರ್, ಈ ನಂಬರಿಂದ ನಾವು ಯಾರಿಗೂ ಕಾಲ್ ಮಾಡೋದೇ ಇಲ್ಲ. ಇದು ನೀವು ನಮಗೆ ಮಾಡೋದಕ್ಕೆ ಮಾತ್ರ." ಅದನ್ನು ಕಾರ್ಡ್ ಮೇಲೆ ಒಂದು ಸಾಲು ಬರೆಯಲು ಜಾಗ ಇರಲಿಲ್ವಾ? ಆ್ಯಪ್‌ನವರ ಉತ್ತರ ಇನ್ನೂ ಚೆಂದ. ನಾವು ನಂಬರಿಗೆ ಹೆಸರು ತೋರಿಸುತ್ತೇವೆ ಅಷ್ಟೇ, ಕರೆ ಎಲ್ಲಿಂದ ಹೊರಟಿತು ಅಂತ ನಮಗೆ ಗೊತ್ತಾಗುವುದಿಲ್ಲವಂತೆ. ಹಾಗಾದರೆ ಹಸಿರು ಯಾಕೆ?

ಆಮೇಲೆ ತಿಳಿಯಿತು. ಇಂಟರ್‌ನೆಟ್ ಮೂಲಕ ಮಾಡುವ ಕರೆಯಲ್ಲಿ ನಂಬರನ್ನು ಕರೆ ಮಾಡುವ ಕಡೆಯವರೇ ತುಂಬಿ ಕಳಿಸಬಹುದು. ಕಾಗದದ ಮೇಲೆ 'ಇಂದ' ಅಂತ ಯಾರ ಹೆಸರು ಬೇಕಾದರೂ ಬರೆದ ಹಾಗೆ. ನಡುವಿನ ಕಂಪನಿ ಪರೀಕ್ಷೆ ಮಾಡದೆ ದಾಟಿಸಿದರೆ ಮುಗಿಯಿತು, ನನ್ನ ಫೋನೇ ಅದಕ್ಕೆ ನಾನು ಸೇವ್ ಮಾಡಿದ ಹೆಸರು ಅಂಟಿಸುತ್ತದೆ. ಅಮೆರಿಕದಲ್ಲಿ 2021ರಿಂದ ದೊಡ್ಡ ಫೋನ್ ಕಂಪನಿಗಳು, ತೋರುವ ನಂಬರ್ ಅಸಲಿಯೇ ಅಂತ ಪರೀಕ್ಷಿಸಲು ಆಗುವ ಹಾಗೆ, ಕರೆಗೆ ಡಿಜಿಟಲ್ ಸಹಿ ಹಾಕಬೇಕು, ಸ್ಟಿರ್-ಶೇಕನ್ ಅಂತ ಅದರ ಹೆಸರು. ಆದರೆ ಕರೆ ದಾರಿಯಲ್ಲಿ ಹಳೇ ಕಾಲದ ಫೋನ್ ಜಾಲ ಹೊಕ್ಕು ಬಂದರೆ ಆ ಸಹಿಯೂ ಉದುರಿಹೋಗುತ್ತದೆ. ಇಷ್ಟೇ ಇದರ ಭದ್ರತೆ.

ಯಾರೇ ಮಾಡಲಿ, ಕಟ್ ಮಾಡಿ. ನೀವೇ ನಂಬರ್ ಒತ್ತಿ ಕೇಳಿ. ಒಟಿಪಿ ಯಾರಿಗೂ ಹೇಳಬೇಡಿ, ನನ್ನಂಥ ಜಾಣರಾಗಬೇಡಿ.

ದೂರು ಕೊಟ್ಟ ಮೂರನೇ ದಿನ ಬ್ಯಾಂಕಿನವರು ನಿಜವಾಗಿಯೂ ಫೋನ್ ಮಾಡಿದ್ದರು. ಬೇರೆ ನಂಬರಿನಿಂದ. ಆ್ಯಪ್ ಅದನ್ನು ಸ್ಪ್ಯಾಮ್ ಅಂತ ಕೆಂಪು ಬಳಿದು ತಡೆದಿತ್ತು.