ಗುಬ್ಬಚ್ಚಿ ಗೂಡಿನ ಬಾಗಿಲಿಗೆ ಯಾವ ಸೆನ್ಸರ್?

ಮರಿಗಳಿಗೆ ಗುಟುಕು ತರುವ ಗುಬ್ಬಚ್ಚಿಗಳು ಗೂಡುಪೆಟ್ಟಿಗೆಗೆ ಎಷ್ಟು ಬಾರಿ ಬಂದುಹೋಗುತ್ತವೆ ಎಂದು ಎಣಿಸಲು ಪಿಐಆರ್ (ಬಿಸಿ ಮೈಯ ಚಲನೆಯನ್ನು ಗುರುತಿಸುವ ಸೆನ್ಸರ್), ಲೋಡ್ ಸೆಲ್ (ತೂಕ ಅಳೆಯುವ ಸೆನ್ಸರ್) ಮತ್ತು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣ, ಈ ಮೂರನ್ನೂ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ನೋಡಿದ್ದೇನೆ. ಬಾಗಿಲಿಗೆ ಅಡ್ಡಲಾಗಿ ಹಾಯುವ ಎರಡು ಕಿರಣಗಳಷ್ಟು ನಂಬಿಕೆಗೆ ಅರ್ಹವಾದದ್ದು ಬೇರೊಂದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಎಚ್‌ಸಿ-ಎಸ್‌ಆರ್501 ಪಿಐಆರ್ ಒಮ್ಮೆ ಸಂಕೇತ ಕೊಟ್ಟ ಮೇಲೆ ಸುಮಾರು 2.5 ಸೆಕೆಂಡು ಏನನ್ನೂ ಗಮನಿಸುವುದಿಲ್ಲ. ಬಿಸಿಲಿಗೆ ಕಾದ ಎಲೆ ಅಲುಗಾಡಿದರೂ ಹಕ್ಕಿಯೆಂದು ಎಣಿಸುತ್ತದೆ. ಲೋಡ್ ಸೆಲ್ಲಿನ ಶೂನ್ಯ ಬಿಸಿಲೇರಿದಂತೆ ಜಾರುತ್ತದೆ. ಹಕ್ಕಿಯ ತೂಕವೇ ಬೇಕಾದವರಿಗೆ ಮಾತ್ರ ಅದು ಸರಿ.

ಕಿರಣದ ವಿಧಾನದಲ್ಲಿಯೂ ಒಂದು ತೊಡಕಿದೆ. ಬಿಸಿಲಿನಲ್ಲಿಯೇ ಇನ್ಫ್ರಾರೆಡ್ ಇರುವುದರಿಂದ ಬೆಳಕನ್ನು ಗ್ರಹಿಸುವ ಸಾದಾ ಫೋಟೊಡಯೋಡಿಗೆ ಹಗಲಿನಲ್ಲಿ ಹಕ್ಕಿ ಅಡ್ಡ ಬಂದದ್ದೇ ತಿಳಿಯುವುದಿಲ್ಲ. ಹಾಗಾಗಿ ಟಿವಿ ರಿಮೋಟಿನಂತೆ 38 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 38,000 ಬಾರಿ ಮಿಡಿಯುವ ಬೆಳಕು ಬೇಕು. ಆದರೆ ಅಂಗಡಿಯವರು ಕೊಡುವ ಟಿಎಸ್‌ಒಪಿ1738 ರಿಸೀವರ್ ಎಡೆಬಿಡದೆ ಬರುವ ಮಿಡಿತವನ್ನು ಟ್ಯೂಬ್‌ಲೈಟಿನ ಗದ್ದಲದಂತೆ ಬಗೆದು ತನ್ನ ಸೂಕ್ಷ್ಮತೆಯನ್ನು ತಗ್ಗಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ, ಗುಬ್ಬಚ್ಚಿಯೊಂದು ಬಾಗಿಲಲ್ಲೇ ಕುಳಿತುಬಿಟ್ಟಿದೆ ಎಂಬಂತೆ ದಾಖಲೆ ಬರತೊಡಗುತ್ತದೆ. ಮಿಡಿತವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ, ನಡುವೆ ಬಿಡುವು ಕೊಟ್ಟು ಕಳಿಸಿದರೆ ಇದು ನಿಲ್ಲುತ್ತದೆ. ಆ ಬಿಡುವು ಹಕ್ಕಿ ರಂಧ್ರ ದಾಟುವ ಹೊತ್ತಿಗಿಂತ ಬಹಳ ಚಿಕ್ಕದಾಗಿರಬೇಕು, ಅಷ್ಟೇ. ಎಡೆಬಿಡದ ಮಿಡಿತಕ್ಕೆಂದೇ ಮಾಡಿದ ಟಿಎಸ್‌ಎಸ್‌ಪಿ4038 ಇನ್ನೂ ಒಳ್ಳೆಯದು, ಆದರೆ ಅದನ್ನು ಆನ್‌ಲೈನಿನಲ್ಲಿ ತರಿಸಬೇಕಾಯಿತು.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಹಲವು ಮೀಟರ್ ದೂರದ ರಿಮೋಟನ್ನು ಗುರುತಿಸುವಂಥ ರಿಸೀವರಿಗೆ 32 ಮಿಲಿಮೀಟರ್ ರಂಧ್ರದಲ್ಲಿ ಮರದ ಅಂಚಿಗೆ ತಾಗಿ ಬರುವ ಪ್ರತಿಫಲನವೇ ಸಾಕಾಗಿ, ಹಕ್ಕಿಯ ಮೈ ಅಡ್ಡವಿದ್ದರೂ ಬೆಳಕು ತಲುಪುತ್ತಲೇ ಇರುತ್ತದೆ. ಎಲ್‌ಇಡಿಗೆ ದೊಡ್ಡ ರೆಸಿಸ್ಟರ್ ಹಾಕಿ ಬೆಳಕನ್ನು ತಗ್ಗಿಸಿ, ರಿಸೀವರಿನ ಮುಂದೆ ಕಪ್ಪು ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್) ಕೊಳವೆಯ ತುಂಡನ್ನು ಕೂರಿಸಿದ ಮೇಲೆ ಎಣಿಕೆ ವಿಡಿಯೊದೊಂದಿಗೆ ಹೊಂದಿಕೊಂಡಿತು.

ಹೊರಗಿನ ಕಿರಣ ಮೊದಲು ಕಡಿದರೆ ಒಳಬರುವಿಕೆ, ಒಳಗಿನದು ಮೊದಲಾದರೆ ಹೊರಹೋಗುವಿಕೆ. ಈ ಮಾಹಿತಿಯನ್ನು ಪಿಐಆರ್ ಕೊಡಲಾರದು. ಕಿರಣದ 940 ನ್ಯಾನೊಮೀಟರ್ ತರಂಗದ ಬೆಳಕು ಹಕ್ಕಿಗಳಿಗೆ ಕಾಣುವುದಿಲ್ಲ.

ನನ್ನ ಪೆಟ್ಟಿಗೆ ಸೂರಿನಡಿ, ಪ್ಲಗ್ ಪಾಯಿಂಟಿನ ಹತ್ತಿರವಿದೆ. ಹಳೆಯ ಫೋನ್ ಚಾರ್ಜರ್ ಅದಕ್ಕೆ ಸಾಕು. ವಿದ್ಯುತ್ತಿಲ್ಲದ ತೋಟದಲ್ಲಿ ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ನಡೆಯಬೇಕಾದರೆ, ತೀರಾ ಕಡಿಮೆ ವಿದ್ಯುತ್ತಿನಲ್ಲಿ ಎಚ್ಚರವಾಗಿರುವ ಪಿಐಆರ್‌ನ ದೋಷಗಳನ್ನು ಸಹಿಸಿಕೊಳ್ಳಬೇಕಾಗುತ್ತದೆ.