ಆರ್ಕಿಡ್ ಐಡಿ: ಪ್ರಬಂಧದ ಲೆಕ್ಕಕ್ಕೆ ಸೈ, ಡೀನ್ ಕೆಲಸಕ್ಕೆ ಅರೆಬರೆ

ಆರ್ಕಿಡ್ (ORCID) ಅಂದರೆ ಇಲ್ಲಿ ಹೂವಲ್ಲ, ಸಂಶೋಧಕರಿಗೆ ಸಿಗುವ 16 ಸ್ಥಾನಗಳ ಗುರುತು ಸಂಖ್ಯೆ. ಅದರ ಜೊತೆ ಅವರ ಪ್ರಬಂಧ, ಹುದ್ದೆಗಳ ಪಟ್ಟಿ ಇರುವ ಪುಟವೂ ಸಿಗುತ್ತದೆ. 2012ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ವ್ಯಕ್ತಿಗಳಿಗೆ ಉಚಿತ. ಕೊನೆಯ ಸ್ಥಾನದಲ್ಲಿ ‘ಎಕ್ಸ್’ ಕಂಡರೆ ತಪ್ಪೆಂದು ಅಳಿಸಬೇಡಿ. ಅದು ಹಿಂದಿನ 15 ಅಂಕಿಗಳ ತಾಳೆ ನೋಡುವ ಗುರುತು. ಲೆಕ್ಕ 10ಕ್ಕೆ ಬಂದಾಗ ‘ಎಕ್ಸ್’ ಬೀಳುತ್ತದೆ.

ನಮ್ಮ ಕಡೆಯ ಬಯೋಮೆಡಿಕಲ್ ವಿಜ್ಞಾನಿಗಳಿಗೆ ಇದರ ಮೊದಲ ಲಾಭ ಹೆಸರಿನದು. ಎನ್. ಮಂಜುನಾಥ ಎಂಬವರಿದ್ದಾರೆ ಅನ್ನಿ. ಎನ್ ಎಂದರೆ ಅಪ್ಪ ನರಸಿಂಹಯ್ಯ. ಜರ್ನಲ್ಲಿನ ಫಾರಂ ಲಾಸ್ಟ್ ನೇಮ್ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಇನಿಷಿಯಲ್ ಬಿಡಿಸಿ ಬರೆದರೆ ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ‘ನರಸಿಂಹಯ್ಯ ಎಂ’ ಆಗಿ ಕೂರುತ್ತದೆ, ಅಂದರೆ ಪ್ರಬಂಧ ಅಪ್ಪನ ಹೆಸರಿಗೆ! ಆರ್ಕಿಡ್‌ನಲ್ಲಿ ಕುಟುಂಬದ ಹೆಸರು ಕಡ್ಡಾಯವಲ್ಲ. ಅಚ್ಚಾಗಿರುವ ಎಲ್ಲ ರೂಪಗಳನ್ನೂ ‘ಇತರ ಹೆಸರುಗಳು’ ಜಾಗದಲ್ಲಿ ಸೇರಿಸಿಬಿಡಿ.

ಹಳೆಯ ಪ್ರಬಂಧಗಳನ್ನು ಒಂದೊಂದಾಗಿ ಟೈಪ್ ಮಾಡುವ ಗೋಜು ಬೇಡ. ಪ್ರಬಂಧಗಳ ಪಟ್ಟಿ ಇಡುವ ಯುರೋಪ್ ಪಿಎಂಸಿ, ಸ್ಕೋಪಸ್, ಪ್ರಕಾಶಕರು ಪ್ರಬಂಧಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಮೂಲಕ ಎಳೆದುಕೊಳ್ಳಬಹುದು. ಸ್ಕೋಪಸ್‌ನಲ್ಲಿ ಮಾತ್ರ ಹುಷಾರು: ಒಬ್ಬರಿಗೇ ಎರಡು ಪ್ರೊಫೈಲ್ ಇರುವುದುಂಟು, ಒಂದರಲ್ಲೇ ಬೇರೆ ಮಂಜುನಾಥರೂ ಸೇರಿರುವುದುಂಟು. ಟಿಕ್ ಹಾಕುವ ಮುಂಚೆ ಪಟ್ಟಿ ಪೂರ್ತಿ ಓದಿ. ಹೊಸ ಪ್ರಬಂಧ ತಾನಾಗಿ ಬರಬೇಕಾದರೆ ಸಲ್ಲಿಸುವಾಗಲೇ ಐಡಿ ಕೊಟ್ಟಿರಬೇಕು, ಪ್ರಕಾಶಕರು ಅದನ್ನು ಕ್ರಾಸ್‌ರೆಫ್‌ಗೆ ದಾಟಿಸಿರಬೇಕು, ಕ್ರಾಸ್‌ರೆಫ್ ಕೇಳುವ ಅನುಮತಿಗೆ ನೀವು ಹೂಂ ಅಂದಿರಬೇಕು. ಸಾಮಾನ್ಯವಾಗಿ ಕೈಕೊಡುವುದು ಈ ಮೂರನೆಯದು. ಆ ಕೋರಿಕೆ ಆರ್ಕಿಡ್ ಖಾತೆಯ ಇನ್‌ಬಾಕ್ಸ್‌ನಲ್ಲೇ ಕೊಳೆಯುತ್ತಿರುತ್ತದೆ. ಹೀಗೆ ಬಂದ ನಮೂದಿನಲ್ಲಿ ತಪ್ಪಿದ್ದರೆ ಅದನ್ನೇ ತಿದ್ದಲಾಗದು. ಪ್ರತಿ ಮಾಡಿಕೊಂಡು, ತಿದ್ದಿ, ಆ ಪ್ರತಿಯನ್ನೇ ಮೇಲಿಡಬೇಕು.

ಲ್ಯಾಬ್ ಬಿಟ್ಟು ಸಂಶೋಧನಾ ಡೀನ್ ಕುರ್ಚಿಗೆ ಹೋದವರ ವಿಷಯದಲ್ಲಿ ಸೇವೆ ಸ್ವಲ್ಪ ಕುಂಟುತ್ತದೆ. ಅದಕ್ಕೂ ಮುಂಚೆ ಬಳಸುವವರದೇ ಒಂದು ತಪ್ಪು: ‘ಪ್ರೊಫೆಸರ್’ ನಮೂದನ್ನೇ ‘ಡೀನ್’ ಎಂದು ತಿದ್ದಿಬಿಡುವುದು. ಪ್ರೊಫೆಸರ್ ಆಗಿದ್ದ ವರ್ಷಗಳು ಅಲ್ಲಿಗೆ ಮಾಯ. ಪ್ರತಿ ಹುದ್ದೆಗೂ ಬೇರೆ ನಮೂದು, ಬೇರೆ ಆರಂಭ ದಿನಾಂಕ ಹಾಕಿ. ಪ್ರಾಣಿ ಪ್ರಯೋಗದ ನೀತಿ ಸಮಿತಿ, ಜೈವಿಕ ಸುರಕ್ಷತಾ ಸಮಿತಿಗಳು ‘ಸೇವೆ’ ವಿಭಾಗಕ್ಕೆ ಹೋಗಲಿ. ಅನುದಾನಗಳನ್ನು ಮಂಜೂರಾತಿ ಸಂಖ್ಯೆಯ ಸಮೇತ ತುಂಬಿ. ಆದರೆ ವಿಶ್ವವಿದ್ಯಾಲಯಕ್ಕೆಲ್ಲ ಉಪಯೋಗವಾಗುವ ಸೂಕ್ಷ್ಮದರ್ಶಕ ಕೇಂದ್ರ ಕಟ್ಟಿದ್ದನ್ನು ಎಲ್ಲಿ ಹಾಕುವುದು? ‘ಸಂಶೋಧನಾ ಸಂಪನ್ಮೂಲ’ ವಿಭಾಗವೇನೋ ಇದೆ. ಅದನ್ನು ತುಂಬುವ ಹಕ್ಕು ಸದಸ್ಯ ಸಂಸ್ಥೆಗಳಿಗೆ ಮಾತ್ರ, ವಿಜ್ಞಾನಿಗೆ ಇಲ್ಲ. ಪೀರ್ ರಿವ್ಯೂ, ಅಂದರೆ ಬೇರೆಯವರ ಪ್ರಬಂಧ ಪರಿಶೀಲಿಸಿದ ಕೆಲಸದ ಕತೆಯೂ ಅಷ್ಟೇ. ಬೆಳೆಸಿದ ಪಿಎಚ್‌ಡಿ ವಿದ್ಯಾರ್ಥಿಗಳ ಪಟ್ಟಿಗೆ ಪ್ರತ್ಯೇಕ ವಿಭಾಗವಿಲ್ಲ. ಪ್ರಬಂಧಕ್ಕೆ ಯಾರು ಏನು ಮಾಡಿದರೆಂದು ಗುರುತಿಸುವ 14 ಬಗೆಯ ಕೊಡುಗೆಗಳಲ್ಲಿ ‘ಮೇಲ್ವಿಚಾರಣೆ’, ‘ಅನುದಾನ ತಂದದ್ದು’ ಇವೆ ಎನ್ನುವುದೊಂದು ಸಮಾಧಾನ.

ಉದ್ಯೋಗದ ನಮೂದನ್ನು ಯಾರು ಬೇಕಾದರೂ ತಾವೇ ಬರೆದುಕೊಳ್ಳಬಹುದು. ಆದ್ದರಿಂದ ನೇಮಕಾತಿ ಸಮಿತಿಯಲ್ಲಿ ಕೂತವರು ಪ್ರತಿ ಸಾಲಿನ ಮೂಲ ಯಾರದೆಂದು ನೋಡಬೇಕು: ಸಂಸ್ಥೆಯ ಹೆಸರಿದ್ದರೆ ಅದಕ್ಕೊಂದು ತೂಕ, ವ್ಯಕ್ತಿಯದೇ ಹೆಸರಿದ್ದರೆ ಬೇರೆ ದಾಖಲೆ ಕೇಳಿ.

ಖಾತೆಗೆ ಕಚೇರಿಯ ಇಮೇಲ್ ಒಂದನ್ನೇ ಕೊಟ್ಟಿದ್ದರೆ ಇವತ್ತೇ ಸ್ವಂತದ್ದನ್ನೂ ಸೇರಿಸಿ. ಸಂಸ್ಥೆ ಬದಲಾದಾಗ ಹಳೆಯ ಇಮೇಲ್ ಮುಚ್ಚಿಹೋಗುತ್ತದೆ, ಪಾಸ್‌ವರ್ಡ್ ಮರೆತವರು ಎರಡನೇ ಐಡಿ ಮಾಡಿಕೊಳ್ಳುತ್ತಾರೆ, ಅರ್ಧ ಪ್ರಬಂಧ ಅಲ್ಲಿ, ಅರ್ಧ ಇಲ್ಲಿ.