ಆರೋಪ ಒಪ್ಪುವುದೋ, ವಿಚಾರಣೆ ಎದುರಿಸುವುದೋ?

ಆರೋಪ ಪಟ್ಟಿ ಕೈಗೆ ಬಂದ ರಾಜ್ಯ ಸರ್ಕಾರಿ ನೌಕರರು ಮೊದಲು ನೋಡಬೇಕಾದದ್ದು, ಅದು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಯಾವ ನಿಯಮದಡಿ ಬಂದಿದೆ ಎಂಬುದನ್ನು.

12ನೇ ನಿಯಮದಡಿ ಬಂದಿದ್ದರೆ ಲಘು ದಂಡನೆಯ ಮಾತು: ವಾಗ್ದಂಡನೆ, ವೇತನ ಬಡ್ತಿ ತಡೆ, ಸರ್ಕಾರಕ್ಕಾದ ನಷ್ಟದ ವಸೂಲಿ. ತಪ್ಪು ನಿಜವಾಗಿದ್ದು ಸಣ್ಣದಾಗಿದ್ದರೆ, ಒಪ್ಪಿ ಕಾರಣ ವಿವರಿಸುವುದೇ ಲೇಸು.

11ನೇ ನಿಯಮದ ಕಥೆಯೇ ಬೇರೆ. ಇಲ್ಲಿ ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ, ಎಲ್ಲವೂ ಸಾಧ್ಯ. ತೆಗೆದುಹಾಕಿದರೆ ಮುಂದೆ ಸರ್ಕಾರಿ ಕೆಲಸಕ್ಕೆ ಅನರ್ಹತೆ ಇಲ್ಲ. ವಜಾ ಆದರೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚುತ್ತದೆ. "ಒಪ್ಪಿಬಿಡಿ, ಬೇಗ ಮುಗಿಯುತ್ತದೆ" ಎಂಬ ಸಹೋದ್ಯೋಗಿಯ ಸಲಹೆ ಅಪಾಯಕಾರಿ. ಒಪ್ಪಿಗೆಯ ಒಂದು ಸಾಲೇ ಆರೋಪ ಸಾಬೀತಾಗಲು ಸಾಕಾಗಬಹುದು. ಲಘು ದಂಡನೆಯ ಭರವಸೆಯನ್ನು ಯಾರೂ ಬರೆದುಕೊಡುವುದಿಲ್ಲ.

ನಿರಾಕರಿಸಿದರೆ ದಾಖಲೆ ಪರಿಶೀಲಿಸಬಹುದು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಬಹುದು, ಇನ್ನೊಬ್ಬ ಸರ್ಕಾರಿ ನೌಕರರ ನೆರವು ಪಡೆಯಬಹುದು. ಹಾಜರಾತಿ ಪುಸ್ತಕದಲ್ಲಿ ಸಹಿ ಇಲ್ಲದ ದಿನ ನೀವು ತಾಲ್ಲೂಕು ಕಚೇರಿಯ ಸಭೆಯಲ್ಲಿದ್ದಿರಿ ಎನ್ನಿ. ಅದರ ನಡಾವಳಿ ಕಡತಕ್ಕೆ ಸೇರುವುದು ಈ ದಾರಿಯಲ್ಲೇ. ಬೆಲೆಯೂ ಇದೆ: ವಿಚಾರಣೆ ಎಳೆಯುತ್ತದೆ, ಅಷ್ಟರಲ್ಲಿ ಬಡ್ತಿ ನಿಂತು ಮನೆಮಂದಿಯೂ ನಲುಗುತ್ತಾರೆ.

ಆದರೂ ಗಂಭೀರ ಆರೋಪ ಸುಳ್ಳಾಗಿದ್ದರೆ ವಿಚಾರಣೆಯನ್ನೇ ಆರಿಸಿಕೊಳ್ಳಿ. ಅರ್ಧ ನಿಜವಿದ್ದರೆ, ಪ್ರತಿ ಆರೋಪಕ್ಕೂ ಪ್ರತ್ಯೇಕ ಉತ್ತರ ಬರೆಯಿರಿ, ಸೇವಾ ವಿಷಯ ಬಲ್ಲ ವಕೀಲರಿಗೆ ತೋರಿಸಿದ ಮೇಲೆಯೇ ಸಲ್ಲಿಸಿ.